ಹಾಸನದವನು ಬಕೆಟ್ ಬರೆದರೆ

ಡ್ರಾಯಿಂಗ್ ಮೇಷ್ಟ್ರ ಕೆಲಸದ ಆರ್ಡರ್ ಕೈಗೆ ಸಿಕ್ಕಿ ಖುಷಿಯಲ್ಲಿರುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಕಲಾಶಾಲೆಯಲ್ಲಿ ಏನೇನು ಕಲಿತಿರಿ ಎಂದು ಯಾರೂ ಕೇಳುವುದಿಲ್ಲ. ಅಕ್ಷರ ದುಂಡಗೆ ಬರೆಯುತ್ತೀರಾ, ಬಣ್ಣ ನೀವೇ ತರುತ್ತೀರಾ, ಇಷ್ಟೇ ಕೇಳುತ್ತಾರೆ. ನಾನು ಅರಕಲಗೂಡು, ಚನ್ನರಾಯಪಟ್ಟಣ, ಕೊನೆಗೆ ಹಾಸನ ಎಂದು ಸರ್ಕಾರಿ ಹೈಸ್ಕೂಲುಗಳಲ್ಲಿ ಈ ಕೆಲಸ ಮಾಡಿ ನಿವೃತ್ತನಾದವನು. ಹೆಸರು ಮಲ್ಲೇಶಪ್ಪ. ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ಡ್ರಾಯಿಂಗ್ ಮೇಷ್ಟ್ರು ಎಂದರೆ ಮಾತ್ರ "ಓ, ಸ್ಕೂಲ್ ಡೇಗೆ ಆರ್ಚ್ ಬರೀತಿದ್ದೋರಾ" ಎನ್ನುತ್ತಾರೆ.

ಪಾಠ ಮಾಡಿದ್ದು ಕಮ್ಮಿ. ತರಗತಿಗೆ ವಾರಕ್ಕೊಂದು ಪೀರಿಯಡ್, ಅದನ್ನೂ ಪರೀಕ್ಷೆ ಹತ್ತಿರ ಬಂದಾಗ ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಿದ್ದರು. ನಾನೂ ಧಾರಾಳವಾಗಿ ಕೊಡುತ್ತಿದ್ದೆ. ಮಕ್ಕಳ ಭವಿಷ್ಯ ಮುಖ್ಯ ಎಂದು ಬಾಯಲ್ಲಿ ಹೇಳಿ, ಸ್ಟಾಫ್ ರೂಮಿನಲ್ಲಿ ಕುರ್ಚಿಗೆ ಒರಗಿ ಒಂದು ನಿದ್ದೆ ತೆಗೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಆರ್ಚ್ ಬರೆಯುವುದೂ ತಪ್ಪಿತು. ಆಮೇಲೆ ನನ್ನ ಕೆಲಸ ಫ್ಲೆಕ್ಸ್ ಅಂಗಡಿಗೆ ಹೋಗಿ ಹೆಡ್‌ಮಾಸ್ತರರ ಫೋಟೋ ಶಾಸಕರ ಫೋಟೋಗಿಂತ ದೊಡ್ಡದಾಗದಂತೆ ನೋಡಿಕೊಳ್ಳುವುದು.

ಅರಕಲಗೂಡಿನಲ್ಲಿ ನನಗೆ ಸಿಕ್ಕ ಮೊದಲ ಹೆಡ್‌ಮಾಸ್ತರರು ಬಹಳ ಶಿಸ್ತಿನ ಮನುಷ್ಯ. ಇನ್‌ಸ್ಪೆಕ್ಷನ್ ಬರುತ್ತದೆ ಎಂದು ಒಂದು ದಿನ ಕರೆದರು. "ನಮ್ಮ ಜಿಲ್ಲೆ ಅಂದ್ರೆ ಏನ್ ಮೇಷ್ಟ್ರೆ? ಬೇಲೂರು, ಹಳೇಬೀಡು. ಆಫೀಸ್ ಮುಂದಿನ ಗೋಡೆ ಮೇಲೆ ಒಂದು ಶಿಲಾಬಾಲಿಕೆ ಬರೀರಿ" ಎಂದರು. ನಾನಾಗ ಹೊಸಬ. ಅಮೂರ್ತ ಕಲೆ, ಗೆರೆಯ ಸ್ವಾತಂತ್ರ್ಯ ಎಂದು ಏನೇನೋ ತಲೆಗೆ ತುಂಬಿಕೊಂಡು ಬಂದಿದ್ದೆ. ಎಲ್ಲವನ್ನೂ ನುಂಗಿಕೊಂಡು, ಕನ್ನಡಿ ಹಿಡಿದ ಸುಂದರಿಯನ್ನು ಆಳೆತ್ತರ ಬರೆದು ನಿಲ್ಲಿಸಿದೆ. ಹೆಡ್‌ಮಾಸ್ತರರು ಬಂದು ನೋಡಿದವರೇ ಅತ್ತಿತ್ತ ನೋಡಿದರು. "ಹೆಣ್ಣುಮಕ್ಕಳು ಓಡಾಡೋ ಜಾಗ ಕಣ್ರೀ. ಏನಾದರೂ ಹಾಕ್ಸಿ ಅವಳಿಗೆ" ಎಂದರು. ನನ್ನ ಹತ್ತಿರ ಉಳಿದಿದ್ದುದು ಇನ್ನೊಂದು ಗೋಡೆಯಲ್ಲಿ ಬರೆದ ಮಕ್ಕಳ ಯೂನಿಫಾರಂಗೆಂದು ಕಲಸಿದ ನೀಲಿ. ಹೊಯ್ಸಳರ ಸುಂದರಿಗೆ ನೀಲಿ ಚೂಡಿದಾರ ಹಾಕಿ, ಬಿಳಿ ವೇಲು ಹೊದಿಸಿದೆ. ಇನ್‌ಸ್ಪೆಕ್ಟರು ಬಂದು ಗೋಡೆಯ ಮುಂದೆ ನಿಂತು, "ಇದು ಯಾವ ಸೆಕ್ಷನ್ ಹುಡುಗಿ? ಸ್ಕೂಲಿಗೆ ಕನ್ನಡಿ ಯಾಕೆ ತಂದಿದ್ದಾಳೆ?" ಎಂದು ಕೇಳಿದರು.

ಇದನ್ನು ಯಾಕೆ ಹೇಳಿದೆನೆಂದರೆ, ಹಾಸನದ ಕಡೆಯ ಕಲಾವಿದ ಏನು ಬರೆಯಬೇಕು ಎಂಬುದನ್ನು ಅವನು ಹುಟ್ಟುವುದಕ್ಕೆ ಮುಂಚೆಯೇ ಯಾರೋ ತೀರ್ಮಾನ ಮಾಡಿರುತ್ತಾರೆ. ಮೊದಲು ಶಿಲಾಬಾಲಿಕೆ, ಅದಾದ ಮೇಲೆ ಎತ್ತು. ಬೆಂಗಳೂರಿನ ಒಂದು ಕಲಾ ಶಿಬಿರಕ್ಕೆ ಹೋಗಿದ್ದಾಗ ನನ್ನನ್ನು ವೇದಿಕೆಯ ಮೇಲೆ "ಹೊಲದ ಬದುವಿನಿಂದ ಎದ್ದು ಬಂದ ಕಲಾವಿದ" ಎಂದು ಪರಿಚಯಿಸಿದರು. ನಾನು ಎದ್ದು ಬಂದದ್ದು ಹೊಳೆನರಸೀಪುರದ ಪೇಟೆ ಬೀದಿಯಿಂದ. ನಮ್ಮದು ಲಿಂಗಾಯತ ವ್ಯಾಪಾರದ ಮನೆ. ಅಪ್ಪ ಸ್ಟೀಲ್ ಪಾತ್ರೆ ಮಾರುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಸಾಮಾನು ಇಟ್ಟರು. ಈಗ ಆ ಅಂಗಡಿ ನಮ್ಮಣ್ಣ ಶಿವಣ್ಣನದು. ಹೊಲ ಎಂಬುದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು.

ಆದರೂ ತಿದ್ದಲಿಲ್ಲ. ಚಪ್ಪಾಳೆ ಬೀಳುತ್ತಿರುವಾಗ ಎದ್ದು ನಿಂತು "ಇಲ್ಲ, ನಮ್ಮದು ಪಾತ್ರೆ ಅಂಗಡಿ" ಎನ್ನುವ ಎದೆಗಾರಿಕೆ ನನ್ನದಲ್ಲ. ಸಂಘಟಕರೊಬ್ಬರು ಹತ್ತಿರ ಬಂದು, "ಮುಂದಿನ ಸಲ ಪಂಚೆ ಉಟ್ಟು ಬನ್ನಿ ಸಾರ್, ಫೋಟೋದಲ್ಲಿ ಚೆನ್ನಾಗಿ ಬರುತ್ತೆ" ಎಂದರು. ಮುಂದಿನ ಸಲ ಪಂಚೆ ಉಟ್ಟುಕೊಂಡೇ ಹೋದೆ, ಜಾರದಿರಲೆಂದು ಮೇಲೆ ಪ್ಯಾಂಟಿನ ಬೆಲ್ಟು ಬಿಗಿದು. ಎತ್ತು ಬರೆದೆ. ಎತ್ತುಗಳ ಮುಖ ನೋಡಿ ಅಭ್ಯಾಸವಿಲ್ಲದ್ದರಿಂದ, ಅವಕ್ಕೆ ನಮ್ಮ ಅಂಗಡಿ ಪಕ್ಕದ ಹೋಟೆಲಿನವರ ಮುಖದ ಕಳೆ ಬರುತ್ತಿತ್ತು. ಅವು ಮಾರಾಟವೂ ಆದವು. ಬೆಂಗಳೂರಿನ ಎಷ್ಟೋ ಮನೆಗಳ ಹಾಲಿನಲ್ಲಿ ಆ ಹೋಟೆಲಿನವರು ಇವತ್ತೂ ನೇಗಿಲು ಎಳೆಯುತ್ತಿದ್ದಾರೆ.

ನಿಜವಾಗಿ ನನಗೆ ಬರೆಯಬೇಕು ಅನ್ನಿಸುತ್ತಿದ್ದುದು ನಮ್ಮ ಅಂಗಡಿ. ಭಾನುವಾರ ಅಣ್ಣನಿಗೆ ನೆರವಾಗಲು ಹೋಗಿ ಗಲ್ಲಾದ ಪಕ್ಕ ಕೂರುತ್ತಿದ್ದೆ. ಸೂರಿಗೆ ಹಗ್ಗ ಕಟ್ಟಿ ಬಕೆಟ್ಟು, ಬಿಂದಿಗೆ, ಚೊಂಬು, ಮಗ್ಗು, ಜರಡಿ ಎಲ್ಲವನ್ನೂ ಗೊಂಚಲು ಗೊಂಚಲಾಗಿ ಇಳಿಬಿಟ್ಟಿರುತ್ತೇವೆ. ಮಧ್ಯಾಹ್ನ ಬೀದಿಯ ಬಿಸಿಲು ಒಳಗೆ ಬಂದರೆ ನೀಲಿ ಬಕೆಟ್ಟಿನ ಬೆಳಕು ಅಣ್ಣನ ಬಕ್ಕತಲೆಯ ಮೇಲೆ ಬೀಳುತ್ತದೆ. ಹುಟ್ಟಿದಾಗಿನಿಂದ ನೋಡಿದ ಬೆಳಕು ಅದು. ಹಾಸನಕ್ಕೆ ವರ್ಗವಾಗಿ ಬಂದ ಮೇಲೆ ಯಾರಿಗೂ ಹೇಳದೆ ಅದನ್ನೇ ಬರೆಯತೊಡಗಿದೆ. ದೊಡ್ಡ ದೊಡ್ಡ ಕ್ಯಾನ್ವಾಸುಗಳು, ತುಂಬ ಬಕೆಟ್ಟು. ಹೆಂಡತಿ ಗಿರಿಜಾ ನೋಡಿ, "ಬಚ್ಚಲಲ್ಲಿ ಇರೋದು ಸಾಲ್ದು ಅಂತ ಹಾಲಿಗೂ ತಂದ್ರಾ" ಎಂದಳು. ಬಾಯಲ್ಲಿ ಹಾಗಂದರೂ ಕ್ಯಾನ್ವಾಸಿನ ಧೂಳು ಒರೆಸುತ್ತಿದ್ದವಳು ಅವಳೇ.

ಒಂದೇ ಒಂದು ಆಸೆ ಇತ್ತು. ದೊಡ್ಡ ಗ್ಯಾಲರಿಯೊಂದರ ಬಿಳಿ ಗೋಡೆಯ ಮೇಲೆ ನನ್ನ ಚಿತ್ರ ಒಂದು ಸಲ ತೂಗಬೇಕು. ಎತ್ತಲ್ಲ, ಬಕೆಟ್ಟು. ನಿವೃತ್ತನಾದ ಮೇಲೆ ಆ ಆಸೆ ಹೆಚ್ಚಾಯಿತು. ಬೇರೆಯವರು ಕಾಶಿಗೆ ಹೋಗಬೇಕು ಎನ್ನುವ ಹಾಗೆ ನಾನು ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದವನು ಈ ಚಿತ್ರಗಳ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ. ಕೆಲವು ದಿನ ಕಳೆದು ಬೆಂಗಳೂರಿನಿಂದ ಫೋನು ಬಂತು. ಅನನ್ಯಾ ಎಂಬ ಹೆಣ್ಣುಮಗಳು, ದೊಡ್ಡ ಪ್ರದರ್ಶನವೊಂದಕ್ಕೆ ಚಿತ್ರ ಆರಿಸುವ ಕೆಲಸದವರು. "ಸರ್, ನಿಮ್ಮ ಬಕೆಟ್ ಚಿತ್ರಗಳು ನನಗೆ ತುಂಬಾ ಇಷ್ಟವಾದವು. ನಮ್ಮ ಪ್ರದರ್ಶನದ ವಿಷಯ ಬೇರುಗಳು. ನೀವು ಹಳ್ಳಿಯಲ್ಲೇ ಇರೋದು ತಾನೆ? ಬಂದು ನಿಮ್ಮ ಮನೆ ನೋಡಬಹುದಾ?" ಎಂದರು.

ನಾನು ಇರುವುದು ಹಾಸನದ ಬಡಾವಣೆಯೊಂದರಲ್ಲಿ, ಮುಂದೆ ಗ್ರಿಲ್, ಹಿಂದೆ ಸೋಲಾರ್ ಇರುವ ಮನೆಯಲ್ಲಿ. ಆದರೆ ಪಂಚೆ ಉಟ್ಟು ಪಳಗಿದ ನಾಲಿಗೆ ನೋಡಿ, "ಹೌದು ಮೇಡಂ, ದುದ್ದದ ಹತ್ತಿರ ಒಂದು ಹಳ್ಳಿ" ಎಂದುಬಿಟ್ಟಿತು. ಗಿರಿಜಾ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಫೋನು ಇಟ್ಟ ಮೇಲೆ, "ಸಗಣಿ ವಾಸನೆಗೆ ಸೀನು ಬರೋ ಗಂಡಸು ನೀವು. ದುದ್ದದಲ್ಲಿ ಯಾವಾಗ ಮನೆ ಕಟ್ಟಿಸಿದ್ರಿ?" ಎಂದಳು.

ದುದ್ದದ ಹತ್ತಿರ ಮನೆಯಿದ್ದುದು ಮಂಜೇಗೌಡನಿಗೆ. ಚನ್ನರಾಯಪಟ್ಟಣದಲ್ಲಿ ನನ್ನ ಜೊತೆ ಪಿ.ಟಿ. ಮೇಷ್ಟ್ರಾಗಿದ್ದವನು, ಈಗ ತೋಟ, ಹಸು ಎಂದು ಊರಲ್ಲೇ ಇದ್ದಾನೆ. ಹೋಗಿ ವಿಷಯ ಹೇಳಿದೆ. ಒಂದು ದಿನದ ಮಟ್ಟಿಗೆ ಅವನ ಮನೆ ನನ್ನದಾಗಬೇಕು, ಅವನು ನನ್ನ ಚಿಕ್ಕಪ್ಪನ ಮಗ ಆಗಬೇಕು. ಹೊಟ್ಟೆ ಹಿಡಿದುಕೊಂಡು ನಕ್ಕ.

"ಆಯ್ತು ಕಣಯ್ಯಾ, ಮನೆ ಕೊಡಾನ. ಆದ್ರೆ ನಮ್ಮನೇನ ಅಳ್ಳಿ ಮನೆ ಮಾಡದೆಂಗ್ಲಾ?" ಎಂದ.

ಮಾತು ನಿಜ. ಗ್ರಾನೈಟ್ ನೆಲ, ಗೋಡೆ ತುಂಬ ಟಿವಿ, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಮೆಷಿನ್ನು. ಮೇಡಂ ಬರುವ ದಿನ ಬೆಳಗ್ಗೆ ನಾವಿಬ್ಬರೂ ಸೇರಿ ಕಾರನ್ನು ಹುಲ್ಲಿನ ಮೆದೆಯ ಹಿಂದೆ ನಿಲ್ಲಿಸಿದೆವು. ಮೆಷಿನ್ನಿನ ಮೇಲೆ ಗೋಣಿಚೀಲ ಹೊದಿಸಿದೆವು. ಪಕ್ಕದ ಮನೆಯಿಂದ ಹಳೆಯ ಹಗ್ಗದ ಮಂಚ ತಂದು ಜಗಲಿಗೆ ಹಾಕಿದೆವು. ಮಂಜೇಗೌಡನ ಹೆಂಡತಿ ಜಯಮ್ಮ ಫ್ರಿಜ್ಜು ಮುಟ್ಟಲು ಬಿಡಲಿಲ್ಲ. "ಅದ್ನ ಎಲ್ಲಿಗ್ ಒತ್ಕೊಂಡ್ ಓಯ್ತೀರಾ ಅಣ್ಣ, ಅಂಗೇ ಇರ್ಲಿ" ಎಂದು ಅದಕ್ಕೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟಳು. ನಾನು ಪಂಚೆ ಉಟ್ಟು, ಹೆಗಲಿಗೆ ಟವೆಲ್ಲು ಹಾಕಿ, ಹಣೆಯ ವಿಭೂತಿ ಅಳಿಸಿಕೊಂಡೆ. ಗೌಡರ ಮನೆಯ ಮಗನಿಗೆ ಮೂರು ಪಟ್ಟೆ ಯಾಕೆ ಎಂದು ಮೇಡಂ ಕೇಳಿಯಾರು ಎಂಬ ಮುಂದಾಲೋಚನೆ. ನನ್ನ ಜೀವಮಾನದ ಬುದ್ಧಿಯೆಲ್ಲ ಆ ಬೆಳಗ್ಗೆ ಖರ್ಚಾಗಿಹೋಯಿತು.

ಅನನ್ಯಾ ಮೇಡಂ ಒಳ್ಳೆಯವರು. ಬಂದವರೇ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಎಷ್ಟು ಶಾಂತವಾಗಿದೆ ಸರ್. ಚಿತ್ರದಲ್ಲಿರೋ ಬಕೆಟ್‌ಗಳಲ್ಲೇ ಅಲ್ವಾ ನೀವು ಹಾಲು ಕರೀತಾ ಇದ್ದಿದ್ದು?" ಎಂದರು. ನಾನು ಹೂಂ ಎಂದೆ. ನನ್ನ ಬಕೆಟ್ಟುಗಳಿಗೆ ಆಗಲೇ ಹಾಲು ತುಂಬಿಬಿಟ್ಟಿದ್ದರು. ನೀರು ಕೇಳಿದರು. ಜಯಮ್ಮ ಯೋಚನೆಯೇ ಇಲ್ಲದೆ ಸೀರೆ ಎತ್ತಿ, ಫ್ರಿಜ್ಜಿನ ಬಾಗಿಲು ತೆಗೆದು, ತಣ್ಣನೆಯ ಬಾಟಲಿ ಕೊಟ್ಟಳು. ಮೇಡಂ ಒಂದು ಸಲ ಸೀರೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು. "ನೊಣ ಬತ್ತವೆ, ಅದ್ಕೇಯ" ಎಂದ ಮಂಜೇಗೌಡ.

ಊಟಕ್ಕೆ ಕೂತೆವು. ಬೆಂಗಳೂರಿನಿಂದ ಬಂದವರಿಗೆ ಸಪ್ಪೆ ಊಟ ಇಕ್ಕಿ ಕಳಿಸುವ ಹೆಂಗಸಲ್ಲ ಜಯಮ್ಮ. ರಾಗಿಮುದ್ದೆ, ನಾಟಿಕೋಳಿ ಸಾರು. ಘಮ ಬಂದ ಕೂಡಲೇ ನಾನು ಕೂತಲ್ಲೇ ಒಂದು ಗೇಣು ಹಿಂದೆ ಸರಿದೆ. ಮನೆ ಎರವಲು ತಂದೆ, ಮಂಚ ಎರವಲು ತಂದೆ, ವಿಭೂತಿ ಅಳಿಸಿದೆ. ಊಟದ ವಿಚಾರ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ನಾನು ಹುಟ್ಟಿದಂದಿನಿಂದ ಮೊಟ್ಟೆ ಕೂಡ ಮುಟ್ಟಿದವನಲ್ಲ. ಹೊಟ್ಟೆ ಸರಿಯಿಲ್ಲ ಎನ್ನಲೇ, ಸೋಮವಾರ ಎನ್ನಲೇ, ಇವತ್ತು ಯಾವ ವಾರ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಜಯಮ್ಮ ಒಳಗಿನಿಂದ ಸಣ್ಣ ಪಾತ್ರೆಯೊಂದನ್ನು ಹಿಡಿದು ಬಂದಳು.

"ಅಣ್ಣ, ನಿಮ್ಗೆ ಸೊಪ್ಪಿನ ಸಾರು ಬ್ಯಾರೆ ಮಾಡಿವ್ನಿ. ಅನುಮಾನ ಬ್ಯಾಡ, ಇದು ನಿಮ್ದೇ ಪಾತ್ರೆ. ಇದ್ರಾಗೆ ಯಾವತ್ತೂ ಕೋಳಿ ಬೇಯ್ಸಿಲ್ಲ."

ಮೇಡಂ ಕೈ ತಡೆದರು. "ಸ್ವಂತ ಮನೆಯಲ್ಲಿ ಸರ್‌ಗೆ ಯಾಕೆ ಬೇರೆ ಪಾತ್ರೆ?"

"ಅವ್ರು ಲಿಂಗಾಯಿತ್ರಲ್ವಾ ಮೇಡಂ" ಎಂದಳು ಜಯಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಂಜೇಗೌಡ ಮುದ್ದೆ ನುಂಗುವುದರಲ್ಲಿ ಬಹಳ ತಲ್ಲೀನನಾದ. ಆಮೇಲೊಂದು ದಿನ ಅವಳನ್ನು ಕೇಳಿದ್ದಕ್ಕೆ, "ನಾಟ್ಕ ಬ್ಯಾರೆ, ಊಟ ಬ್ಯಾರೆ ಅಣ್ಣ. ನಾಟ್ಕಕ್ಕೆ ಅಂತ ನಿಮ್ ಜಾತಿ ಕೆಡ್ಸಕಾಯ್ತದಾ" ಎಂದಳು. ನನ್ನದೆಂದು ಒಂದು ಪಾತ್ರೆಯನ್ನು ಆ ಮನೆಯಲ್ಲಿ ಇಷ್ಟು ವರ್ಷ ತೊಳೆದು ಎತ್ತಿಟ್ಟಿದ್ದಳು ಎಂಬುದು ನನಗೆ ಗೊತ್ತಾದದ್ದೇ ಆ ದಿನ. ಊಟಕ್ಕೆ ಕೂತಲ್ಲೇ ಕಣ್ಣಲ್ಲಿ ನೀರು ಬಂತು. ಮೇಡಂ ಅದನ್ನು ಸಾರಿನ ಖಾರ ಎಂದುಕೊಂಡಿರಬೇಕು.

ಮೇಡಂಗೆ ಎಲ್ಲ ಹೇಳಿದೆ. ಪೇಟೆ ಬೀದಿ, ಪಾತ್ರೆ ಅಂಗಡಿ, ಬೆಲ್ಟು ಬಿಗಿದ ಪಂಚೆ. ಬೈದು ಹೊರಡುತ್ತಾರೆ ಎಂದುಕೊಂಡಿದ್ದೆ. ಅವರು ನಗುನಗುತ್ತಾ ಕೋಳಿ ಸಾರನ್ನು ಇನ್ನೊಂದು ಸಲ ಬಡಿಸಿಕೊಂಡು, "ನಡೀರಿ ಸರ್, ಆ ಅಂಗಡಿ ತೋರಿಸಿ" ಎಂದರು. ಹುಲ್ಲಿನ ಮೆದೆಯ ಹಿಂದಿನಿಂದ ಮಂಜೇಗೌಡನ ಕಾರು ಹೊರಬಂತು.

ಹೊಳೆನರಸೀಪುರದ ಅಂಗಡಿಯಲ್ಲಿ ಅಣ್ಣ ಗಿರಾಕಿಗಳ ನಡುವೆ ಇದ್ದ. ಮೇಡಂ ಸೂರಿನ ಕಡೆ ಕತ್ತೆತ್ತಿ ಬಾಯಿ ತೆರೆದು ನಿಂತದ್ದು ನೋಡಿ, "ಹೋಲ್‌ಸೇಲಾ, ರೀಟೇಲಾ ಮೇಡಂ?" ಎಂದ. ಅವರು ತುಂಬ ಹೊತ್ತು ನೋಡಿದರು, ಫೋಟೋ ತೆಗೆದರು. ನನಗೆ ಸಂತೋಷವೋ ಸಂತೋಷ. ಬಕೆಟ್ಟು ಕೊನೆಗೂ ಬಕೆಟ್ಟಾಯಿತು ಎಂದುಕೊಂಡೆ.

ಆಗ ಅವರಿಗೆ ಏನೋ ಹೊಳೆಯಿತು. "ಸರ್, ನಿಮ್ಮದು ಶರಣರ ಪರಂಪರೆಯ ಮನೆ. ಬಯಲು, ಶೂನ್ಯ. ನಿಮ್ಮ ಚಿತ್ರದ ಬಕೆಟ್‌ಗಳೆಲ್ಲ ಖಾಲಿ!" ಅವರ ಕಣ್ಣು ಹೊಳೆಯುತ್ತಿತ್ತು. ನಾನು ಅಣ್ಣನನ್ನು ನೋಡಿದೆ. "ತುಂಬ್ಸಿ ನೇತಾಕಿದ್ರೆ ಹಗ್ಗ ಕಿತ್ತೋಗುತ್ತೆ ಮೇಡಂ" ಎಂದ ಅವನು. ನಾನು ಮಾತ್ರ ಮೇಡಂ ಕಡೆ ತಿರುಗಿ ಗಂಭೀರವಾಗಿ ತಲೆಯಾಡಿಸಿದೆ. ಎತ್ತಿನಿಂದ ಇಳಿದು ಶೂನ್ಯದ ಮೇಲೆ ಹತ್ತಿ ಕೂರಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಚಿತ್ರದ ಪಕ್ಕ ಗೋಡೆಗೆ ಅಂಟಿಸುವ ಬರಹ ಮುಂದಿನ ವಾರ ವಾಟ್ಸಾಪಿನಲ್ಲಿ ಬಂತು. ಶರಣ ಪರಂಪರೆಯಲ್ಲಿ ಅರಳಿದ ಕಲಾವಿದ, ಖಾಲಿ ಪಾತ್ರೆಯಲ್ಲಿ ಬಯಲನ್ನು ಕಂಡವನು, ಹೀಗೆ ಚೆಂದವಾಗಿತ್ತು. ನಾನು ಸರಿ ಎಂದರೆ ಮುಗಿಯಿತು, ಬಿಳಿ ಗೋಡೆ ನನ್ನದು. ಗಿರಿಜಾಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಚೆನ್ನಾಗಿದೆ. ಯಾರಿವರು?" ಎಂದಳು.

ಆ ಮಾತು ಎಲ್ಲೋ ಚುಚ್ಚಿತು. ಪಂಚೆ ಉಟ್ಟಾಗ ನಾನು ಹೊಟ್ಟೆಪಾಡಿಗೆ ವೇಷ ಹಾಕಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ, ಎತ್ತಿನ ಚಿತ್ರ ತಾನೆ, ಹೋಗಲಿ ಎಂದು. ಇದು ಬಕೆಟ್ಟು. ಇದೊಂದನ್ನು ನಾನು ಯಾರೂ ಹೇಳದೆಯೇ ಬರೆದಿದ್ದೆ. ನನ್ನ ಪೂಜೆ ನನಗಿದೆ, ದಿನಾ ಮಾಡುತ್ತೇನೆ. ಆದರೆ ಬಕೆಟ್ಟು ಬರೆಯುವಾಗ ನನ್ನ ತಲೆಯಲ್ಲಿ ಬಯಲೂ ಇರಲಿಲ್ಲ, ಶೂನ್ಯವೂ ಇರಲಿಲ್ಲ, ನೀಲಿ ಇತ್ತು.

ಫೋನು ಮಾಡಿದೆ. "ಮೇಡಂ, 'ನಮ್ಮ ಅಂಗಡಿಯ ಬಕೆಟ್ಟುಗಳು' ಅಂತಷ್ಟೇ ಹಾಕೋಕಾಗುತ್ತಾ?"

"ನಿಮಗೆ ಸುಳ್ಳು ಹೇಳಲ್ಲ ಸರ್. ಹಾಗೆ ಹಾಕಿದರೆ ಸಮಿತಿಯವರು ಒಂದೇ ಪ್ರಶ್ನೆ ಕೇಳ್ತಾರೆ. ಬರೀ ಬಕೆಟ್ ಆದರೆ ಹಾಸನದವರೇ ಯಾಕೆ ಬರೀಬೇಕು ಅಂತ."

"ಬೆಂಗಳೂರಿನವರು ಬರೆದಿದ್ದರೆ?"

"ಬೆಂಗಳೂರಿನವರನ್ನ ಯಾರೂ ಕೇಳಲ್ಲ ಸರ್. ನಂಗೂ ಗೊತ್ತು ಇದು ಸರಿಯಲ್ಲ. ಪ್ರಯತ್ನ ಮಾಡ್ತೀನಿ" ಎಂದರು.

ಪ್ರಯತ್ನ ಮಾಡಿದರು ಎಂದೇ ನಂಬುತ್ತೇನೆ. ಆಗಲಿಲ್ಲ. ಅದು ತಿಳಿದ ದಿನ ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಮನಸಾರೆ ಅತ್ತೆ. ಅರವತ್ತು ದಾಟಿದ ಗಂಡಸು ಬಕೆಟ್ಟಿನ ಮುಂದೆ ಕೂತು ಬಕೆಟ್ಟಿಗಾಗಿ ಅಳುವುದು ಎಂದರೆ, ನೋಡಿದವರಿಗೆ ನಗು ಬರುತ್ತಿತ್ತು. ಗಿರಿಜಾ ಬಾಗಿಲು ತಟ್ಟಿ, "ನೀರು ಪೋಲಾಗ್ತಿದೆ, ನಲ್ಲಿ ನಿಲ್ಲಿಸಿ ಅಳಿ" ಎಂದಳು. ಹೊರಗೆ ಬಂದಾಗ ಕಾಫಿ ಮಾಡಿಟ್ಟಿದ್ದಳು.

ಕ್ಯಾನ್ವಾಸುಗಳಲ್ಲಿ ದೊಡ್ಡದನ್ನು ಅಣ್ಣ ಅಂಗಡಿಗೆ ತಂದುಕೊಂಡ. ಕಲಾಪ್ರೇಮ ಎಂದು ತಪ್ಪು ತಿಳಿಯಬೇಡಿ. ಒಳಗೋಡೆಯಲ್ಲಿ ನೀರು ಜಿನುಗಿ ಕಲೆಯಾಗಿತ್ತು, ಅದನ್ನು ಮುಚ್ಚಲು. ಹೋದ ತಿಂಗಳು ನಾನು ಗಲ್ಲಾದ ಪಕ್ಕ ಕೂತಿದ್ದಾಗ ಹಳ್ಳಿಮೈಸೂರಿನ ಕಡೆಯ ಹೆಂಗಸೊಬ್ಬಳು ಬಂದಳು. ಜರಡಿ ಕೊಂಡಳು, ಮಗ್ಗು ಕೊಂಡಳು, ಆಮೇಲೆ ಒಳಗೆ ಇಣುಕಿದಳು.

"ಅಣ್ಣ, ಅಲ್ಲಿ ಕೆಳೀಕ್ ಮೂಲೇಲಿ ಇಡಿ ಕಿತ್ತೋಗಿರೋ ನೀಲಿ ಬಕೀಟು ಅದಲ್ಲ, ಅದ್ನ ಕಮ್ಮಿಗ್ ಕೊಟ್ಟೀರಾ? ಕರೂಗೆ ಬೂಸ ಇಡಕೆ. ಇಡಿ ಇಲ್ದಿದ್ರೂ ನಡೀತದೆ."

ನನ್ನ ಕುಂಚದ ಹೆಚ್ಚುಗಾರಿಕೆ ಏನಲ್ಲ, ಒಳಗಿನ ಟ್ಯೂಬ್‌ಲೈಟ್ ಕೆಟ್ಟಿತ್ತು. ಆದರೆ ಅಂಗಡಿಯಲ್ಲಿ ಹಿಡಿ ಮುರಿದ ಬಕೆಟ್ಟೊಂದು ಇತ್ತು, ಅದನ್ನು ಇದ್ದ ಹಾಗೇ ಬರೆದಿದ್ದೆ. ಅನನ್ಯಾ ಮೇಡಂ ಅದನ್ನು ನೋಡಿರಲಿಲ್ಲ, ಸಮಿತಿಯವರು ನೋಡಿರಲಿಲ್ಲ, ಧೂಳು ಒರೆಸಿದ ಗಿರಿಜಾ ಕೂಡ ನೋಡಿರಲಿಲ್ಲ.

"ಅದು ಚಿತ್ರ ಕಣಮ್ಮ, ನನ್ ತಮ್ಮ ಬರ್ದಿರೋದು" ಎಂದ ಅಣ್ಣ.

ಅವಳು ಹತ್ತಿರ ಹೋಗಿ ಬಗ್ಗಿ ನೋಡಿದಳು. ನನ್ನ ಊರು ಕೇಳಲಿಲ್ಲ, ಮನೆತನ ಕೇಳಲಿಲ್ಲ. ತಿರುಗಿ, "ಚಿತ್ರದ್ ಬ್ಯಾಡ ಕಣಣ್ಣ. ಅದ್ರುದು ನಿಜುವಾದ್ ಬಕೀಟು ಅದಾ?" ಎಂದಳು.

ಅಣ್ಣ ಉತ್ತರ ಕೊಡುವ ಮುಂಚೆ ನಾನೇ ಎದ್ದೆ. ಅಟ್ಟಕ್ಕೆ ಏಣಿ ಹಾಕಿ, ಹುಡುಕಿ, ಜೇಡರ ಬಲೆ ಒರೆಸಿ ತಂದೆ. ಅವಳ ಕೈಯಲ್ಲಿ ಆಗಲೇ ಸಾಮಾನು ತುಂಬಿತ್ತು, ಬಸ್ ಸ್ಟ್ಯಾಂಡಿನವರೆಗೆ ನಾನೇ ತಂದುಕೊಡುತ್ತೇನೆ ಎಂದೆ. ಹಿಡಿ ಇಲ್ಲವಲ್ಲ, ಪೇಟೆ ಬೀದಿಯುದ್ದಕ್ಕೂ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಡೆದೆ.